ಕತ್ತಿಯ ಆ ತುದಿಯಲ್ಲಿ

"ಬಿಡಬ್ಯಾಡ್ರಿ. ಒಬ್ರು ತುದಿ ಬಿಟ್ರ ಆರೂ ಮಂದಿದು ಕೆಡ್ತದ."

ಅಮೆರಿಕದ ಲೊಂಬಾರ್ಡ್ ಊರಿನ ಚರ್ಚೊಂದರ ನೆಲಮಾಳಿಗೆಗೆ ಇಂಗ್ಲೆಂಡಿನ ಹಳ್ಳಿಗರ ಕತ್ತಿ ಕುಣಿತ ಕಲಿಯಲು ಬಂದವಳಿಗೆ, ಪಕ್ಕದಿಂದ ಕೊಪ್ಪಳದ ಕನ್ನಡ ಕೇಳಿಸಿದರೆ ಹೇಗಾಗಬೇಡ? ವಸುಧಾ ಬೆಚ್ಚಿದಳು. ಬೆಚ್ಚಿ, ಬಿಡಬಾರದೆಂದದ್ದನ್ನೇ ಬಿಟ್ಟಳು. ಪಕ್ಕದಲ್ಲಿದ್ದವನ ಕತ್ತಿಯ ತುದಿ ಠಣ್ಣೆಂದು ನೆಲಕ್ಕೆ ಬಡಿಯಿತು.

"ನಾನು ಕನ್ನಡದವಳು ಅಂತ ಹೇಗೆ ಗೊತ್ತಾಯ್ತು?"

"ಈಗಷ್ಟ 'ಎಲ್ಲಿಗೆ ತಂದು ನಿಲ್ಲಿಸಿದ್ಯೆ ಅನಿಕಾ' ಅಂತ ಗೊಣಗಿದ್ರಲ್ರಿ."

ಅವಳನ್ನು ಎಳೆದು ತಂದ ರೂಮ್‌ಮೇಟ್ ಅನಿಕಾ, ಇಲ್ಲೇ ಹುಟ್ಟಿದವಳು, "ಯೂ ಆರ್ ವೆಲ್ಕಮ್" ಎಂದಳು.

ಅವನು ಈರೇಶ್, ಮೂಳೆ ಡಾಕ್ಟರ್. ಬಾಗಿ ಕತ್ತಿಯ ತುದಿಯನ್ನು ಮತ್ತೆ ಅವಳ ಎಡಗೈಗೆ ಕೊಟ್ಟ. ವಸುಧಾಳ ಬೆರಳುಗಳಿಗೆ ತಣ್ಣನೆಯ ಉಕ್ಕು ತಾಗಿತು. ಕೆನ್ನೆ ಮಾತ್ರ ಬೆಚ್ಚಗಾಯಿತು...

ಕುಣಿತವೆಂದರೆ ಇಷ್ಟೇ. ಆರು ಜನ, ಆರು ಮೊಂಡು ಕತ್ತಿ. ಬಲಗೈಯಲ್ಲಿ ನಿಮ್ಮ ಕತ್ತಿಯ ಹಿಡಿ, ಎಡಗೈಯಲ್ಲಿ ಪಕ್ಕದವರ ಕತ್ತಿಯ ತುದಿ. ಹೀಗೆ ಬಳೆಯಂತೆ ನಿಂತವರು ಸುತ್ತಬೇಕು, ನುಸುಳಬೇಕು, ತಗ್ಗಿಸಿದ ಕತ್ತಿಯನ್ನು ಒಬ್ಬೊಬ್ಬರಾಗಿ ದಾಟಬೇಕು. ಕೊನೆಗೆ ಆರೂ ಕತ್ತಿಗಳನ್ನು ನೇಯ್ದು ನಕ್ಷತ್ರ ಮಾಡಿ, ಒಬ್ಬರು ಅದನ್ನು ತಲೆಯ ಮೇಲೆತ್ತಬೇಕು. ಒಂದು ಕತ್ತಿ ಮೇಲಿನದು ಕೆಳಗಾದರೂ ಸಾಕು, ಎತ್ತಿದ ಕೂಡಲೇ ಆರೂ ಉದುರುತ್ತವೆ.

ಆರು ತಿಂಗಳು ಅವಳು ಅವನ ಕತ್ತಿಯ ತುದಿ ಹಿಡಿದಳು. ಆಸ್ಪತ್ರೆಯಲ್ಲಿ ಅವನ ದಿನ ಹೇಗಿತ್ತೆಂದು ಆ ಉಕ್ಕಿನ ಪಟ್ಟಿಯೇ ಹೇಳುತ್ತಿತ್ತು. ಸುಸ್ತಾಗಿದ್ದರೆ ಭಾರ, ಖುಷಿಯಲ್ಲಿದ್ದರೆ ಸಣ್ಣ ಕಂಪನ. ಪ್ರೇಮಕ್ಕೆ ಇದಕ್ಕಿಂತ ಕಡಿಮೆ ಆಧಾರ ಇಟ್ಟುಕೊಂಡು ಮದುವೆಯಾದವರೂ ಇದ್ದಾರೆ.

ಜೂನ್ ತಿಂಗಳ ಒಂದು ಮಂಗಳವಾರ ಧೈರ್ಯ ಮಾಡಿ ಮೆಸೇಜ್ ಹಾಕಿದಳು. "ಭಾನುವಾರ ಅರೋರಾದ ದೇವಸ್ಥಾನಕ್ಕೆ ಹೋಗ್ತಿದೀನಿ. ಬರ್ತೀರಾ?"

"ಬರ್ತೀನ್ರಿ."

ಬುಧವಾರ ಅಭ್ಯಾಸಕ್ಕೆ ಹೋದರೆ ಈರೇಶ್ ಎದುರು ಬದಿಗೆ ಹೋಗಿ ನಿಂತಿದ್ದ. ಜಾಗ ಬದಲಿಸಿಕೊಡಿ ಎಂದು ಅವನೇ ಕೇಳಿಕೊಂಡನೆಂದು ತಂಡದ ಕ್ಯಾಪ್ಟನ್ ಮಾರ್ಗರೆಟ್ ಹೇಳಿದರು. ವಸುಧಾಳ ಪಕ್ಕಕ್ಕೆ ಲೈಬ್ರರಿಯಲ್ಲಿ ಕೆಲಸ ಮಾಡುವ ಟಾಮ್ ಬಂದ.

"ಯಾಕೆ ಆ ಕಡೆ ಹೋದ್ರಿ?"

ಈರೇಶ್ ನೆಲ ನೋಡಿದ. "ಸುಮ್ನ ಹಂಗರಿ. ಹೇಳಾಕ ಬರಂಗಿಲ್ಲ."

ಹೇಳೋಕೆ ಬರಲ್ಲ ಅಂದ್ರೆ... ನನ್ನ ಪಕ್ಕ ನಿಲ್ಲೋಕೇ ಇಷ್ಟ ಇಲ್ಲ ಅಂತ ತಾನೆ? ದೇವಸ್ಥಾನಕ್ಕೆ ಕರೆದದ್ದು ಅತಿಯಾಯ್ತಾ?

ಶನಿವಾರ ಜ್ವರವೆಂದು ಮೆಸೇಜ್ ಹಾಕಿದಳು. ಜ್ವರವಿರಲಿಲ್ಲ. ಮುಂದಿನ ವಾರ ಡೆಟ್ರಾಯ್ಟ್ ಹತ್ತಿರದ ಟ್ರಾಯ್‌ನಲ್ಲಿ ಒಂದು ಕೆಲಸಕ್ಕೆ ಅಪ್ಲೈ ಮಾಡಿದಳು. ತಿಂಗಳೊಳಗೆ ಕೆಲಸ ಸಿಕ್ಕಿಬಿಟ್ಟಿತು. ಬರುವ ಶನಿವಾರ ಸಂಜೆ ಐದರೊಳಗೆ ಒಪ್ಪಿಗೆ ಕಳಿಸಬೇಕು. ಅದೇ ಶನಿವಾರ ಮಧ್ಯಾಹ್ನ ಅವರ ತಂಡದ ಕುಣಿತವೂ ಡೆಟ್ರಾಯ್ಟ್ ಪಕ್ಕದ ಒಂದು ಜಾನಪದ ಮೇಳದಲ್ಲೇ ಇತ್ತು.

ವ್ಯಾನ್ ಡ್ರೈವ್ ಮಾಡಿದವನು ಈರೇಶ್. ಮುಂದಿನ ಸೀಟಿನಲ್ಲಿ ತಂಡದ ಹಿರಿಯ ಸುರೇಶ್ ಅಂಕಲ್, ಪಕ್ಕದೂರು ವುಡ್‌ರಿಡ್ಜ್‌ನವರು, ಅರವತ್ತಮೂರು ವರ್ಷ. ನಾಲ್ಕೂವರೆ ತಾಸಿನ ದಾರಿಗೆ ಅವರು ಒಂಬತ್ತು ತಾಸಿಗಾಗುವಷ್ಟು ಮಾತು ತಂದಿದ್ದರು.

"ಏನಮ್ಮ ವಸುಧಾ, ಟ್ರಾಯ್‌ಗೆ ಹೋಗ್ತೀಯಂತೆ? ಅನಿಕಾ ಅಂದ್ಲು."

ಕನ್ನಡಿಯಲ್ಲಿ ಈರೇಶನ ಕಣ್ಣು ಒಮ್ಮೆ ಮೇಲೆದ್ದಿತು. ಮರುಕ್ಷಣ ವ್ಯಾನು ಹೆದ್ದಾರಿಯಿಂದ ಇಳಿಯಬೇಕಾದ ಎಗ್ಸಿಟ್ ದಾಟಿ ಮುಂದೆ ಹೋಯಿತು.

"ಡಾಕ್ಟ್ರೇ, ದಾರಿ," ಎಂದರು ಅಂಕಲ್.

ಈರೇಶ್ ಮುಂದಿನ ಎಗ್ಸಿಟ್‌ನಲ್ಲಿ ವ್ಯಾನು ತಿರುಗಿಸಿದ. ಹೋಗಬೇಡ ಎನ್ನಲಿಲ್ಲ. ಸರಿ... ಐದು ಗಂಟೆಗೆ ಒಪ್ಪಿಗೆ ಕಳಿಸಿಬಿಡೋಣ.

ಮೂರೂವರೆಗೆ ಕುಣಿತ ಶುರುವಾಯಿತು. ಪಿಟೀಲು, ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಮಡಚುವ ಕುರ್ಚಿಗಳಲ್ಲಿ ನೂರು ಜನ. ಅವಳ ಅಂಗೈ ಬೆವರಿ ಟಾಮ್‌ನ ಕತ್ತಿಯ ತುದಿ ಜಾರುತ್ತಿತ್ತು. ಎದುರಿಗೆ ಈರೇಶ್, ಅವನ ಪಕ್ಕ ಸುರೇಶ್ ಅಂಕಲ್. ನೋಡಬಾರದೆಂದುಕೊಂಡಳು, ನೋಡಿದಳು.

ಕತ್ತಿ ದಾಟುವ ಸರದಿ ಸುರೇಶ್ ಅಂಕಲ್‌ಗೆ ಬಂತು. ಎಲ್ಲರಿಗೂ ಮೊಣಕಾಲೆತ್ತರಕ್ಕೆ ಇಳಿಯುವ ಕತ್ತಿ, ಈರೇಶನ ಕೈಯಲ್ಲಿ ಹುಲ್ಲಿಗೆ ತಾಗುವಷ್ಟು ಇಳಿಯಿತು. ಅಂಕಲ್ ಬಲಗಾಲನ್ನು ಎಳೆದುಕೊಂಡು, ಹಲ್ಲು ಕಚ್ಚಿ ದಾಟಿದರು. ಅವರ ಭಾರವೆಲ್ಲ ಒಂದು ಕ್ಷಣ ಈರೇಶನ ಭುಜದ ಮೇಲಿತ್ತು. ನೋಡುವವರಿಗೆ ಅದೂ ಕುಣಿತದ ಒಂದು ಹೆಜ್ಜೆ. ಎದುರಿಗಿದ್ದವಳಿಗೆ ಮಾತ್ರ ಎಲ್ಲ ಕಂಡಿತು.

ಅಂಕಲ್ ಕಾಲು... ಆ ಬುಧವಾರ ಇವರು ಜಾಗ ಬದಲಿಸಿದ್ದು ಇದಕ್ಕಾ?

ಅಷ್ಟರಲ್ಲಿ ನಕ್ಷತ್ರ ನೇಯುವುದು ಮುಗಿದೇ ಹೋಗಿತ್ತು. ಅವಳ ಕೈ ತನ್ನಷ್ಟಕ್ಕೇ ಏನೋ ಮಾಡಿತ್ತು. ನೋಡಿದರೆ ಅವಳ ಕತ್ತಿ ಟಾಮ್‌ನ ಕತ್ತಿಯ ಕೆಳಗಿರಬೇಕಾದದ್ದು ಮೇಲಿದೆ. ಈರೇಶ್ ಎತ್ತಲು ಬಿಗಿ ಹಿಡಿದ. ಉದುರಿದರೆ ಅಂಕಲ್ ಕಾಲ ಮೇಲೇ.

"ಈರೇಶ್, ಎತ್ತಬೇಡಿ."

ಅವನ ಕೈ ನಿಂತಿತು. ಇಡೀ ಬಳೆಯನ್ನು ಮತ್ತೊಂದು ಸುತ್ತು ನಡೆಸಿದ. ಪಿಟೀಲಿನವನಿಗೆ ಬೇರೆ ದಾರಿಯಿರಲಿಲ್ಲ, ಬಾರಿಸಿದ. ವಸುಧಾ ತನ್ನ ಕತ್ತಿಯನ್ನು ಹೊರಗೆಳೆದು ಕೆಳಗೆ ತೂರಿಸಿದಳು.

"ಈಗ?"

"ಹ್ಞೂಂ. ಈಗ ಎತ್ತಿ."

ನಕ್ಷತ್ರ ಮೇಲೇರಿತು, ಉದುರಲಿಲ್ಲ. ಆ ಹೆಚ್ಚಿನ ಸುತ್ತೇ ಬಲು ಚೆನ್ನಾಗಿತ್ತೆಂದು ಮುಂದಿನ ಸಾಲಿನ ಅಜ್ಜಿಯೊಬ್ಬರು ಮಾರ್ಗರೆಟ್‌ಗೆ ಹೇಳಿದರು.

ಐದಕ್ಕೆ ಹತ್ತು ನಿಮಿಷವಿತ್ತು. ವ್ಯಾನಿನ ಹಿಂದೆ ಈರೇಶ್ ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಅಂಕಲ್‌ಗೆ ಮೊಣಕಾಲು ನೋವು, ಅಲ್ವಾ?"

"ಪೇಷಂಟ್ ವಿಷಯ ನಾ ಹೇಳಂಗಿಲ್ರಿ."

"ಅಂದ್ರೆ ಪೇಷಂಟ್ ಅಂತಾಯ್ತು."

ಈರೇಶ್ ತಲೆ ಚಚ್ಚಿಕೊಂಡ. ನೆರಳಲ್ಲಿ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದ ಅಂಕಲ್ ಅಲ್ಲಿಂದಲೇ ಕೂಗಿದರು. "ನಾನೇ ಯಾರಿಗೂ ಹೇಳ್ಬೇಡಪ್ಪ ಅಂದಿದ್ದೆ ಕಣಮ್ಮ. ನನ್ನ ಹೆಂಡ್ತಿ ಪ್ರಭಾವತಿಗೆ ಗೊತ್ತಾದ್ರೆ ಕತ್ತಿ ಕಸ್ಕೊಂಡು ಟೊಮ್ಯಾಟೊ ಗಿಡಕ್ಕೆ ಊರುಗೋಲು ಕೊಡ್ತಾಳೆ. ಇದೇ ಕೊನೇ ಕುಣಿತ ಅಂತ ಡಾಕ್ಟ್ರಿಗೆ ಮಾತು ಕೊಟ್ಟಿದೀನಿ."

ವಸುಧಾ ಈರೇಶನತ್ತ ತಿರುಗಿದಳು. "ನನ್ನ ಪಕ್ಕ ನಿಲ್ಲೋಕೆ ಇಷ್ಟ ಇಲ್ಲ ಅಂದ್ಕೊಂಡೆ. ಟ್ರಾಯ್‌ಗೆ ಅಪ್ಲೈ ಮಾಡಿದ್ದು ಅದಕ್ಕೇ. ಕೆಲಸ ಬೇಕು ಅಂತ ಅಲ್ಲ... ನಿಮ್ಮಿಂದ ದೂರ ಹೋಗೋಕೆ."

ಈರೇಶ್ ಸುತ್ತುವುದನ್ನು ನಿಲ್ಲಿಸಿದ. "ಅವತ್ತು ನಿಮಗ ಜ್ವರ ಅಂದ್ರಲ್ಲ, ಆ ಭಾನುವಾರ ನಾ ಒಬ್ಬನ ಅರೋರಾಕ್ಕ ಹೋಗಿದ್ದೆ. ವಸುಧಾ ಅರಾಮ ಆಗ್ಲಿ ಅಂತ ಅರ್ಚನಿ ಮಾಡಿಸೀನಿ. ಗೋತ್ರ ಕೇಳಿದ್ರು, ಗೊತ್ತಿರ್ಲಿಲ್ಲ. ನಿಮ್ಮನ್ನ ಭಾಳ ಹಚ್ಕೊಂಡೀನ್ರಿ. ಹೋಗಬ್ಯಾಡ್ರಿ ಅನ್ನಾಕ ಮುಂಜಾನಿಂದ ಬಾಯಿ ಬರವಲ್ದು."

"ಇಲ್ಲದ ಜ್ವರಕ್ಕೆ ಅರ್ಚನೆನಾ?" ನಗುತ್ತಲೇ ಅವಳ ಕಣ್ಣು ತುಂಬಿತು. ಫೋನ್ ತೆಗೆದು, ಕೆಲಸ ಬೇಡವೆಂದು ಎರಡು ಸಾಲು ಬರೆದು ಕಳಿಸಿದಳು. ಐದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.

"ಅಂಕಲ್ ಜಾಗಕ್ಕ ಹೊಸಬರು ಬರ್ತಾರ. ನಾ ನಿಮ್ಮ ಪಕ್ಕಕ್ಕ ವಾಪಸ್ ಬರ್ತೀನಿ."

"ಬೇಡ, ಎದುರಿಗೇ ಇರಿ. ಅಲ್ಲಿಂದ ಚೆನ್ನಾಗಿ ಕಾಣ್ತೀರಿ."

"ಹಂಗ ನೋಡೇ ಇವತ್ತು ಕತ್ತಿ ತಪ್ಪಿಸಿದ್ರಿ."

"ನೀವು ಎಗ್ಸಿಟ್ ತಪ್ಪಿಸಿದ್ರಲ್ಲ," ಎಂದು ವಸುಧಾ ಬಟ್ಟೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.