ಸೀಗೇಪುಡಿ ಕುಡಿದ ಕಾರು

"ಅಪ್ಪಾ, ಏನೂ ಕಾಣಿಸ್ತಿಲ್ಲ!" ಎಂದು ಹುಲಿ ಕಿರುಚಿತು.

ಹುಲಿ ಎಂದರೆ ಮೇಘನಾ. ಐದನೇ ಕ್ಲಾಸು. ಮೈತುಂಬ ಹಳದಿ ಬಟ್ಟೆ, ಮುಖಕ್ಕೂ ಕೈಗೂ ಹಳದಿ ಬಣ್ಣ, ಅದರ ಮೇಲೆ ಕಪ್ಪು ಪಟ್ಟೆ, ಹಿಂದೆ ತಂತಿಯ ಬಾಲ. ಹನ್ನೊಂದು ಗಂಟೆಗೆ ಚಾಮರಾಜನಗರದಲ್ಲಿ ಛದ್ಮವೇಷ ಸ್ಪರ್ಧೆ. ಹಂಗಳದಿಂದ ಹೊರಟವರು ಗುಂಡ್ಲುಪೇಟೆ ದಾಟಿದ್ದರು. ಎದುರಿಗೆ ಬಂದ ಟ್ರ್ಯಾಕ್ಟರು ಗುಂಡಿಯಲ್ಲಿದ್ದ ಕೆಸರನ್ನೆಲ್ಲ ಕಾರಿನ ಮುಂದಿನ ಗಾಜಿಗೆ ಎರಚಿ ಹೋಗಿತ್ತು.

ಅಪ್ಪ ಸುನೀಲ್ ಕುಮಾರ್ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಸ್ವಿಚ್ಚು ಎಳೆದ. ಒಂದು ಹನಿಯೂ ಬರಲಿಲ್ಲ. ವೈಪರ್ ಮಾತ್ರ ಅತ್ತ ಇತ್ತ ಓಡಾಡಿ ಕೆಸರನ್ನು ನೀಟಾಗಿ ಗಾಜಿಗೆಲ್ಲ ಸವರಿತು.

"ರಾಗಿ ಅಂಬ್ಲಿ ಬಳ್ದಂಗಾಯ್ತಲ್ಲೋ ಸುನೀಲ!" ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಪುಟ್ಟಸಿದ್ದಮ್ಮ ಕಿಲಕಿಲ ನಕ್ಕಳು.

ಕಾರು ನಿಲ್ಲಿಸಿ, ಬಾಟಲಿಯಲ್ಲಿದ್ದ ಕುಡಿಯುವ ನೀರು ಸುರಿದು ಗಾಜು ಒರೆಸಿದ್ದಾಯಿತು. ಮತ್ತೆ ಹೊರಟು ಒಂದು ನಿಮಿಷವೂ ಆಗಿರಲಿಲ್ಲ. ಲಾರಿಯೊಂದು ಬಂತು. ಪಚಕ್!

"ಇನ್ನೊಂದು ಬಾಟ್ಲಿ?"

"ಇಲ್ಲ ಅಪ್ಪ."

ಅಪ್ಪ ಸಿಟ್ಟಿನಿಂದ ಮೊಬೈಲ್ ತೆಗೆದ. ಎರಡು ತಿಂಗಳ ಹಿಂದೆ ಈ ಹಳೇ ಕಾರನ್ನು ಅವನಿಗೆ ಮಾರಿದ್ದು ನೀಲಕಂಠಸ್ವಾಮಿ. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಇಬ್ಬರದೂ ಒಂದೇ ಶಿಫ್ಟು.

"ಏನ್ಲಾ ನೀಲಕಂಠ, ಎಂಥಾ ಕಾರು ಕೊಟ್ಬುಟ್ಟೆ ನಂಗೆ? ವಾಷರ್ ಕೆಲ್ಸಾನೇ ಮಾಡಲ್ವಲ್ಲ! ಸ್ನೇಹಿತ ಅಂತ ನಂಬುದ್ರೆ ಹಿಂಗಾ ಮಾಡೋದು?" ಎಂದವನೇ, ಆ ಕಡೆಯ ಮಾತು ಕೇಳದೆ ಫೋನ್ ಕಟ್ ಮಾಡಿದ.

ಅಪ್ಪನ ಪಕ್ಕದ ಸೀಟಿನಲ್ಲಿದ್ದ ಮೇಘನಾ ಮೆಲ್ಲಗೆ ಕಿಟಕಿಯ ಕಡೆಗೆ ತಿರುಗಿಕೊಂಡಳು.

ಹೋದ ಭಾನುವಾರ ಕಾರು ತೊಳೆಯುವಾಗ ಅಪ್ಪ, "ಗಾಜಿನ ಜಿಡ್ಡೇ ಓಗಲ್ವಲ್ಲ" ಎಂದು ಗೊಣಗಿದ್ದ. ಜಿಡ್ಡು ತೆಗೆಯಲು ಅಜ್ಜಿಯ ಸೀಗೇಪುಡಿಗಿಂತ ಒಳ್ಳೆಯದು ಇನ್ನೇನಿದೆ? ಅಪ್ಪ ಬಾನೆಟ್ಟು ತೆರೆದಿಟ್ಟು ಕಾಫಿಗೆಂದು ಒಳಗೆ ಹೋದಾಗ, ಅದರ ಕೆಳಗಿದ್ದ ವಾಷರ್ ನೀರಿನ ಡಬ್ಬಕ್ಕೆ ಮೇಘನಾ ಮೂರು ಹಿಡಿ ಸುರಿದಿದ್ದಳು. ಸರ್‌ಪ್ರೈಸ್ ಕೊಡೋಣವೆಂದು.

ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆಮೆಯಂತೆ ಕಾರು ಓಡಿಸಿಕೊಂಡು ತೆರಕಣಾಂಬಿಯ ಮರಿಯಯ್ಯನ ಗ್ಯಾರೇಜು ತಲುಪಿದ.

ಕಾರಿನಿಂದ ಇಳಿದ ಹುಲಿಯನ್ನು ಕಂಡು ಮರಿಯಯ್ಯ ಸ್ಪ್ಯಾನರ್ ಕೆಳಗಿಟ್ಟು ಕೈಮುಗಿದ. "ಬಂಡೀಪುರದಲ್ಲಿ ಊಟ ಸಿಕ್ಕಲಿಲ್ವಾ ತಾಯಿ?"

ಮೇಘನಾಗೆ ನಗು ಬಂತು. ಆದರೆ ಅರ್ಧಕ್ಕೇ ನಿಂತಿತು.

"ಸ್ವಿಚ್ಚು ಎಳೀರಿ ಸಾ," ಎಂದು ಮರಿಯಯ್ಯ ಬಾನೆಟ್ಟಿಗೆ ಕಿವಿ ಕೊಟ್ಟ. ಗುಯ್ಯ್ ಎಂದಿತು. "ಮೋಟ್ರು ಮಾತಾಡ್ತಾ ಅದೆ. ಕರೆಂಟೂ ಸರಿಯಾಗದೆ." ಡಬ್ಬದೊಳಗೆ ಇಣುಕಿದ. "ನೀರೂ ಅದೆ. ಅಂಗಾರೆ ದಾರೀಲಿ ಎಲ್ಲೋ ಕಟ್ಕೊಂಡದೆ."

ಗಾಜಿನ ಕಡೆಗೆ ಹೋಗುವ ಸಣ್ಣ ರಬ್ಬರ್ ಪೈಪನ್ನು ಕಿತ್ತ. "ಇನ್ನೊಂದ್ಸಲ ಎಳೀರಿ." ಪೈಪಿನ ಬಾಯಲ್ಲಿ ಕಂದು ಬಣ್ಣದ ಒಂದು ದಪ್ಪ ಹನಿ ಬಂದು ಕುಳಿತಿತು. ಕೆಳಗೆ ಬೀಳಲೂ ಇಲ್ಲ.

ಅಜ್ಜಿ ಮೂಗು ಹತ್ತಿರ ತಂದಳು. "ಇದು ಸೀಗೇಪುಡಿ ಕಣ್ಲಾ!"

"ನೀಲಕಂಠ ಸೀಗೇಪುಡಿ ತುಂಬಿ ಮಾರವ್ನಾ?" ಅಪ್ಪನ ಕೈ ಮತ್ತೆ ಮೊಬೈಲಿಗೆ ಹೋಯಿತು.

"ಬೇಡ ಅಪ್ಪ! ನಾನೇ ಹಾಕಿದ್ದು."

ಎಲ್ಲರೂ ಹುಲಿಯ ಕಡೆ ತಿರುಗಿದರು. ಹುಲಿ ತಲೆ ತಗ್ಗಿಸಿತ್ತು. ತಂತಿಯ ಬಾಲ ಮಾತ್ರ ನೆಟ್ಟಗೇ ನಿಂತಿತ್ತು.

"ಎಷ್ಟು ಹಾಕ್ದೆ?"

"ಮೂರು ಹಿಡಿ. ಗಾಜಿನ ಜಿಡ್ಡು ಹೋಗ್ಲಿ ಅಂತ."

ಮೊದಲು ನಕ್ಕಿದ್ದು ಮರಿಯಯ್ಯ. ಬಾನೆಟ್ಟು ಹಿಡಿದುಕೊಂಡು ನಕ್ಕ. "ಅದುಕ್ಕೇ ನನ್ ಡಬ್ಬಿ ಖಾಲಿ!" ಎಂದು ಅಜ್ಜಿ ಸೊಂಟ ಹಿಡಿದುಕೊಂಡು ನಕ್ಕಳು. ಅಪ್ಪ ಸಿಟ್ಟು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಮೀಸೆ ಅಲುಗಿತು, ಆಮೇಲೆ ಹೊಟ್ಟೆಯೂ ಅಲುಗಿತು.

ಡಬ್ಬ ಬಿಚ್ಚಿ ತೊಳೆದಷ್ಟೂ ನೊರೆ. ಗ್ಯಾರೇಜಿನ ನೆಲವೆಲ್ಲ ನೊರೆ. ಮರಿಯಯ್ಯ ಪೈಪಿಗೆ ಪಂಪಿನಿಂದ ಗಾಳಿ ಹೊಡೆದ. ನೀರು ಚಿಮ್ಮುವ ಎರಡು ಸಣ್ಣ ತೂತುಗಳನ್ನು ಅಜ್ಜಿಯ ಸೆರಗಿನ ಪಿನ್ನಿನಿಂದ ಕೆದಕಿ ಬಿಡಿಸಿದ. ಎಲ್ಲ ಜೋಡಿಸಿ ಹೊಸ ನೀರು ತುಂಬಿದ.

"ಎಳೀರಿ!"

ಚಿರ್ರ್! ನೀರು ಕಾರಿನ ತಲೆಯ ಮೇಲಿಂದ ಹಾರಿ, ಹಿಂದೆ ನಿಂತಿದ್ದ ಅಜ್ಜಿಗೆ ಅಭಿಷೇಕ ಮಾಡಿತು.

ಮರಿಯಯ್ಯ ಪಿನ್ನಿನಿಂದ ತೂತನ್ನು ಕೊಂಚ ತಿರುಗಿಸಿದ. "ಈಗ!"

ಚಿರ್ರ್! ಈ ಸಲ ನೇರ ಪಕ್ಕದಲ್ಲಿ ನಿಂತಿದ್ದ ಹುಲಿಯ ಮುಖಕ್ಕೆ. ಎರಡು ಪಟ್ಟೆ ಕೆನ್ನೆಯಿಂದ ಗಲ್ಲಕ್ಕೆ ಇಳಿದವು.

ಮೂರನೇ ಸಲ ಎರಡು ಧಾರೆಗಳೂ ಗಾಜಿನ ನಡುವೆ ಬಿದ್ದವು. ವೈಪರ್ ಸರ್ರನೆ ಬಂದು ಒರೆಸಿತು. ಗಾಜಿನಾಚೆ ಅಪ್ಪನ ಮುಖ ಫಳಫಳ!

"ಇನ್ನೊಂದ್ಸಲ ಅಪ್ಪಾ! ಇನ್ನೊಂದೇ ಸಲ!" ಮೇಘನಾ ಬಾಲ ಹಿಡಿದುಕೊಂಡು ಕುಣಿದಳು.

"ಆಯ್ತು ಬಾಮ್ಮಿ, ಟೈಮಾಯ್ತದೆ," ಎಂದಳು ಅಜ್ಜಿ. "ಪಟ್ಟೆ ಯಾಕೆ ಇಳ್ದದೆ ಅಂತ ಯಾರಾರ ಕೇಳುದ್ರೆ ಮಳೇಲಿ ನೆಂದ ಹುಲಿ ಅನ್ನು."

ಎಲ್ಲರೂ ಕಾರು ಹತ್ತಿದರು. ಅಪ್ಪ ಮಾತ್ರ ಕೀ ತಿರುಗಿಸಲಿಲ್ಲ. ಮೊಬೈಲ್ ತೆಗೆದ. ನೋಡಿದ. ಜೇಬಿಗಿಟ್ಟ. ಮತ್ತೆ ತೆಗೆದ. ಅವನ ಕಿವಿ ಕೆಂಪಾಗಿತ್ತು.

ಕೊನೆಗೂ ನಂಬರ್ ಒತ್ತಿದ.

"ನೀಲಕಂಠ... ನಾನು ಕಣೋ. ಕಾರು ಸರಿಯಾಗದೆ. ತಪ್ಪು ನಮ್ಮನೇದೇ. ಸುಮ್ನೆ ನಿನ್ನ ಬಯ್ದ್ಬುಟ್ಟೆ. ಬೇಜಾರು ಮಾಡ್ಕಬೇಡ."

ಅಪ್ಪನ ದನಿ ಇಷ್ಟು ಸಣ್ಣಗಾದದ್ದನ್ನು ಮೇಘನಾ ಎಂದೂ ಕೇಳಿರಲಿಲ್ಲ. ಮಿಸ್ ಎದುರು ನಿಂತ ಹುಡುಗನ ದನಿಯಂತಿತ್ತು. ಗ್ಯಾರೇಜಿನಲ್ಲಿ 'ನಾನೇ ಹಾಕಿದ್ದು' ಎನ್ನುವಾಗ ತನ್ನ ದನಿಯೂ ಹೀಗೇ ಇತ್ತು.

ಅವಳು ಪಕ್ಕಕ್ಕೆ ಸರಿದು, ಅಪ್ಪನ ಮೊಣಕಾಲ ಮೇಲೆ ಕೈ ಇಟ್ಟಳು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಮೇಲೆ ಐದು ಬೆರಳಿನ ಹಳದಿ ಗುರುತು ಮೂಡಿತು.

ಅಪ್ಪ ಅದನ್ನು ನೋಡಿದ. ಫೋನಿನಲ್ಲಿ ಮಾತಾಡುತ್ತಲೇ ಆ ಕೈಯ ಮೇಲೆ ತನ್ನ ಕೈ ಇಟ್ಟ.