ಹೆಜ್ಜೆ ಗುರುತಿಲ್ಲದ ಕಳ್ಳ

“ಯಾರೂ ಉಸಿರಾಡಬೇಡಿ,” ಅಂದರು ಅಬ್ಬಾ.

ಅಲೀನಾ ಉಸಿರು ಬಿಗಿಹಿಡಿದಳು. ತಮ್ಮ ಅಮ್ಮಾರ್ ಕೂಡ ಹಿಡಿದ. ಅವನ ಕೆನ್ನೆ ಎರಡು ಫುಟ್‌ಬಾಲ್‌ನಷ್ಟು ಊದಿಕೊಂಡಿತು. ಇನ್ನೊಂದು ಚೂರು ಹೊತ್ತು ಕಳೆದಿದ್ದರೆ ಅವನು ಬಲೂನಿನ ಹಾಗೆ ತೇಲಿ ಹೋಗಿ ಬುರ್ಜ್ ಖಲೀಫಾದ ತುದಿಗೆ ಸಿಕ್ಕಿಕೊಳ್ಳುತ್ತಿದ್ದ. ಪುಣ್ಯಕ್ಕೆ ಅಷ್ಟರಲ್ಲಿ ‘ಫುಸ್’ ಅಂತ ಬಿಟ್ಟುಬಿಟ್ಟ.

“ಎಷ್ಟು ಹೊತ್ತು ಅಬ್ಬಾ?”

“ಬೇಟೆ ಮುಗಿಯುವ ತನಕ.”

ಮೂವರೂ ನೀರಿನ ಟ್ಯಾಂಕಿನ ಹಿಂದೆ ಮಕಾಡೆ ಮಲಗಿದ್ದರು. ಶುಕ್ರವಾರ, ಎಲ್ಲರಿಗೂ ರಜೆ. ಸತ್ವಾ ಬಡಾವಣೆಯ ಆ ಹಳೆಯ ವಿಲ್ಲಾದ ಅಂಗಳದಲ್ಲಿ ಒಂದು ಕಾರು ನಿಲ್ಲಿಸಿದರೆ ಡ್ರೈವರ್ ಇಳಿಯಲು ಜಾಗ ಇರಲಿಲ್ಲ. ಆದರೆ ಆ ಬೆಳಿಗ್ಗೆ ಅದು ಇಡೀ ಅರಬ್ ಮರುಭೂಮಿಗಿಂತ ದೊಡ್ಡದಾಗಿತ್ತು. ಬೇಟೆ ನಡೆಯುವ ಜಾಗ ಹಾಗೆಯೇ ಹಿಗ್ಗುತ್ತದೆ.

ಅಂಗಳದ ಮೂಲೆಯಲ್ಲಿ ಅಲೀನಾಳ ಕೋಳಿ ‘ಮಹಾರಾಣಿ’ ಮಣ್ಣು ಕೆದರುತ್ತಿತ್ತು. ಅದರ ಸುತ್ತ ಮರಿಗಳು. ಮೊದಲು ಮರಿಗಳ ಒಂದು ಸೈನ್ಯವೇ ಇತ್ತು. ಈಗ ಉಳಿದದ್ದು ಮೂರು. ಯಾರೋ ಕದಿಯುತ್ತಿದ್ದರು.

“ಇನ್ನೊಂದು ಮರಿ ಹೋದರೆ ಖಲಾಸ್,” ಎಂದು ಅಮ್ಮಿ ಹಿಂದಿನ ದಿನ ಹೇಳಿಬಿಟ್ಟಿದ್ದರು. “ಸಂಜೆ ಹಂಝನ ಚಿಕನ್ ಅಂಗಡಿಗೆ ತಾಯಿ-ಮಕ್ಕಳನ್ನೆಲ್ಲ ಕಳಿಸ್ತೇನೆ. ದಿನಾ ನಿನ್ನ ಅಳು ನೋಡಲಿಕ್ಕೆ ನನಗಾಗುವುದಿಲ್ಲ.”

ಆಗಲೇ ಅಬ್ಬಾ ಎದೆ ತಟ್ಟಿಕೊಂಡದ್ದು. “ಝಿಯಾಉದ್ದೀನ್ ಇರುವಾಗ ಎಂತ ಹೆದರಿಕೆ? ನಾನು ಬಿಲ್ಲು ಹಿಡಿದು ಹೊರಟರೆ ಭಟ್ಕಳದ ಕಾಡಿನಲ್ಲಿ ಹುಲಿಗಳು ದಾರಿ ಬಿಟ್ಟು ನಿಲ್ಲುತ್ತಿದ್ದವು, ಗೊತ್ತುಂಟಾ?”

“ಕಳ್ಳ ಬೆಕ್ಕು. ನೂರಕ್ಕೆ ನೂರು ಬೆಕ್ಕು,” ಎಂದು ಅದಕ್ಕೂ ಮೊದಲು ಅಬ್ಬಾ ತೀರ್ಪು ಕೊಟ್ಟಿದ್ದರು. ಬುಧವಾರ ಸಂಜೆ ಮರಿಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಅಲೀನಾಳ ಸ್ಕೂಲ್ ಸ್ಕೇಲಿನಿಂದ ಅಂಗಳದ ಮರಳನ್ನು ನುಣ್ಣಗೆ ಸವರಿದರು. ಹೆಜ್ಜೆ ಬೀಳಬೇಕಲ್ಲ. ಬಟ್ಟೆ ಒಗೆಯುವ ಟಬ್ ಮಗುಚಿ ಕೋಲಿಗೆ ಆನಿಸಿ, ಅಡಿಯಲ್ಲಿ ಊರಿಂದ ಬಂದ ಒಣಮೀನು ಇಟ್ಟರು.

ಭಟ್ಕಳದ ಒಣಮೀನು ಅಂದರೆ ಸಾಮಾನ್ಯವಲ್ಲ. ಅದರ ವಾಸನೆ ಗೋಡೆ ಹಾರಿ, ರಸ್ತೆ ದಾಟಿ, ಅಬುಧಾಬಿಯ ಬಸ್ ಹತ್ತಿತು. ಬೆಳಗಾಗುವಾಗ ಸತ್ವಾದ ಬೆಕ್ಕುಗಳೆಲ್ಲ ಬಂದು, ತಮ್ಮ ನೆಂಟರನ್ನೂ ಕರೆಸಿ, ಔತಣ ಮುಗಿಸಿ ಹೋಗಿದ್ದವು. ಒಂದು ಮಾತ್ರ ಹೊಟ್ಟೆ ಭಾರವಾಗಿ ಟಬ್ಬಿನ ಮೇಲೆಯೇ ನಿದ್ದೆ ಹೊಡೆಯುತ್ತಿತ್ತು.

ಮರಿಗಳ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ.

ಅಲೀನಾ ಆ ಬೆಕ್ಕನ್ನು ಓಡಿಸಿದಳು, ಮತ್ತೆ ಮರಳು ಸವರಿದಳು, ಮರಿಗಳನ್ನು ಹೊರಗೆ ಬಿಟ್ಟಳು. ಹಲ್ಲುಜ್ಜಿ ಬರುವಷ್ಟರಲ್ಲಿ ಒಂದು ಮರಿ ಮಾಯ. ಅವಳು ಕುಕ್ಕರುಗಾಲಲ್ಲಿ ಕೂತು ಮರಳನ್ನು ಅಂಗುಲ ಅಂಗುಲವಾಗಿ ನೋಡಿದಳು. ಕೋಳಿಯ ಕಾಲಿತ್ತು. ಮರಿಗಳ ಕಾಲಿತ್ತು. ಮತ್ಯಾರದೂ ಇಲ್ಲ.

“ಅಬ್ಬಾ, ಕಳ್ಳನಿಗೆ ಕಾಲೇ ಇಲ್ಲ.”

“ಕಾಲಿಲ್ಲದ್ದು ಎಂತದು? ಹಾವಾ?”

“ಹಾವಾದರೆ ಗೆರೆ ಬೀಳ್ತಿತ್ತು. ಇದು ಮೇಲಿಂದ ಬಂದದ್ದು.”

ಇಬ್ಬರೂ ತಲೆ ಎತ್ತಿದರು. ಪಕ್ಕದ ಕೋಣೆಯ ಇಗ್ನೇಶಿಯಸ್ ಅಂಕಲ್‌ನ ಟೀವಿ ಡಿಶ್ ಮೇಲೆ ಒಂದು ಕಾಗೆ ಕೂತು ಆರಾಮಾಗಿ ಕೊಕ್ಕು ಒರೆಸಿಕೊಳ್ಳುತ್ತಿತ್ತು.

ಹಾಗಾಗಿ ಶುಕ್ರವಾರದ ಈ ಬೇಟೆ. ಅಬ್ಬಾ ಬೇವಿನ ಕವಲಿಗೆ ಸೈಕಲ್ ಟ್ಯೂಬ್ ಕಟ್ಟಿ ರಬ್ಬರ್ ಬಿಲ್ಲು ಮಾಡಿದ್ದರು. ಕಲ್ಲುಗಳ ರಾಶಿ ಕಾಯುವ ಕೆಲಸ ಅಮ್ಮಾರ್‌ನದ್ದು.

“ಬಂತು,” ಅಲೀನಾ ಪಿಸುಗುಟ್ಟಿದಳು.

ಕಾಗೆ ಡಿಶ್ ಮೇಲೆ ಇಳಿಯಿತು. ಗಾತ್ರದಲ್ಲಿ ಅದು ಎಮಿರೇಟ್ಸ್ ವಿಮಾನಕ್ಕಿಂತ ಸ್ವಲ್ಪ ಚಿಕ್ಕದಿತ್ತು, ಅಷ್ಟೇ. ಅಬ್ಬಾ ಬಿಲ್ಲು ಎಳೆದರು. ಅಲೀನಾ ಪಕ್ಕಕ್ಕೆ ತಿರುಗಿ ನೋಡಿದಳು.

ಗುರಿ ಇಡುವವರು ಒಂದು ಕಣ್ಣು ಮುಚ್ಚುತ್ತಾರೆ. ಅಬ್ಬಾ ಎರಡನ್ನೂ ಮುಚ್ಚಿದ್ದರು.

ಠಣ್. ಕಲ್ಲು ಡಿಶ್‌ಗೆ ಬಡಿಯಿತು. ಕಾಗೆ ಒಂದಿಷ್ಟು ಸರಿದು ಕೂತಿತು. ಕಿಟಕಿಯಿಂದ ಇಗ್ನೇಶಿಯಸ್ ಅಂಕಲ್‌ನ ತಲೆ ಹೊರಗೆ ಬಂತು.

“ಎಂತ ಝಿಯಾ ಭಾಯ್, ಮ್ಯಾಚ್ ನೋಡ್ತಿದ್ದೆ ಮಾರಾಯ್ರೆ. ಸಿಕ್ಸರ್ ಹೊಡೆದ ಕೂಡಲೇ ಬಾಲ್ ಟೀವಿಯಿಂದ ಹೊರಗೆ ಬಂತೇನೋ ಅಂದುಕೊಂಡೆ.”

“ಬೇಟೆ ನಡೀತಾ ಉಂಟು. ಸದ್ದು ಮಾಡಬೇಡಿ.”

ಎರಡನೇ ಕಲ್ಲು ಬಕೆಟ್ಟಿಗೆ ಬಿತ್ತು. ಮೂರನೆಯದು ಎಲ್ಲಿ ಹೋಯಿತೋ, ಶಾರ್ಜಾದಲ್ಲಿ ಕೇಳಬೇಕು.

“ಗಾಳಿ ಜಾಸ್ತಿ,” ಅಂದರು ಅಬ್ಬಾ. ಗೋಡೆಯಾಚೆಯ ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಕಾಗೆ ರೆಕ್ಕೆ ಮಡಚಿ ನೇರ ಮರಿಗಳ ಮೇಲೆ ಎರಗಿತು.

ಅಬ್ಬಾ ಬಿಲ್ಲು ಎಳೆಯಲಿಲ್ಲ. ಅದನ್ನು ಎಸೆದು ಓಡಿದರು. ಬರಿಗಾಲಲ್ಲಿ ಓಡಿ, ಮರಳಿನ ಮೇಲೆ ಬೋರಲು ಬಿದ್ದು, ಮರಿಗಳನ್ನು ಎದೆಯ ಅಡಿಗೆ ಎಳೆದುಕೊಂಡರು. ಕಾಗೆ ಅವರ ಬೋಳು ತಲೆಗೆ ಎರಡು ಸಲ ಕುಟುಕಿತು. ಮಕ್ಕಳಿಬ್ಬರೂ ಕಿರುಚುತ್ತ ಬಂದ ಮೇಲೇ ಹಾರಿದ್ದು. ಹಾರಿ, ಮತ್ತೆ ಡಿಶ್ ಮೇಲೆ ಕೂತಿತು.

ಅಬ್ಬಾ ಎದ್ದು ಕೂತರು. ಒಂದು ಮರಿಯ ರೆಕ್ಕೆಯ ಹತ್ತಿರ ಕೊಕ್ಕು ತಾಗಿತ್ತು. ಅವರು ಅದನ್ನು ಅಂಗೈಯಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಪುಕ್ಕ ಸರಿಸಿ, ಮೆಲ್ಲಗೆ ಊದಿದರು. ಮರಿ ಆರಾಮಾಗಿ ತೂಕಡಿಸಿತು.

ಅಲೀನಾ ಆ ಕೈಯನ್ನೇ ನೋಡಿದಳು. ಈ ಕೈ ಯಾವತ್ತೂ ಯಾವ ಪ್ರಾಣಿಗೂ ಹೊಡೆದಿರಲಿಕ್ಕಿಲ್ಲ ಅನ್ನಿಸಿತು.

ಕಿಟಕಿಯ ಕೆಳಗೆ ಹೋಗಿ ನಿಂತಳು. “ಅಂಕಲ್, ನಿಮ್ಮ ಟೀಮಿನ ಹಳೆ ಕ್ರಿಕೆಟ್ ನೆಟ್ ಉಂಟಲ್ಲ, ಅದು ಬೇಕು.”

“ಅದು ಪೂರಾ ತೂತು, ಮಗಳೇ.”

“ನೆಟ್ ಅಂದರೆ ತೂತೇ ಅಲ್ವಾ. ದೊಡ್ಡದನ್ನು ನಾನು ಕಟ್ತೇನೆ.”

ಮತ್ತೆ ಅವಳು ಯಾರ ಮಾತೂ ಕೇಳಲಿಲ್ಲ. ಮರಿಗಳ ಮೂಲೆಗೆ ಚಪ್ಪರದ ಹಾಗೆ ಬರಲೆಂದು ನೆಟ್ಟಿನ ಒಂದು ತುದಿಯನ್ನು ಎಸಿಯ ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿದಳು, ಇನ್ನೊಂದನ್ನು ನಲ್ಲಿಯ ಪೈಪಿಗೆ. ಅಮ್ಮಾರ್ ಹಗ್ಗ ಕತ್ತರಿಸಿ ಕೊಟ್ಟ. ಅವಳು ತೂತು ಹುಡುಕಿ ಹುಡುಕಿ ಗಂಟು ಹಾಕಿದಳು. ಬೆರಳು ಕೆಂಪಾಯಿತು, ಉರಿಯಿತು. ಕಾಗೆ ಇಳಿದು ಬಂದು ನೆಟ್ ಮೇಲೆ ನಡೆದು, ಅವಳಿಗೆ ಕಾಣದ ಒಂದು ತೂತನ್ನು ಕಂಡುಹಿಡಿದು ತಲೆ ತೂರಿಸಿತು.

“ಥ್ಯಾಂಕ್ ಯೂ,” ಅಂದಳು ಅಲೀನಾ. ಅದನ್ನು ಓಡಿಸಿ ಆ ತೂತನ್ನೂ ಕಟ್ಟಿದಳು.

ಜುಮ್ಮಾ ನಮಾಝಿನ ಬಾಂಗ್ ಕೇಳುವ ಹೊತ್ತಿಗೆ ಕೆಲಸ ಮುಗಿದಿತ್ತು. ಅಮ್ಮಿ ಹೊರಗೆ ಬಂದು ನೆಟ್ಟನ್ನು ಎಳೆದು ನೋಡಿದರು, ಮಗಳ ಬೆರಳು ನೋಡಿದರು, ಗಂಡನ ತಲೆಯನ್ನೂ ನೋಡಿದರು. ಅರಿಸಿನ ತಂದು ಹಚ್ಚಿದರು.

“ಹಂಝನಿಗೆ ಬೇಡ ಅಂತ ಹೇಳ್ತೇನೆ,” ಅಂದರು.

ಮಧ್ಯಾಹ್ನ ಇಗ್ನೇಶಿಯಸ್ ಅಂಕಲ್ ಊಟಕ್ಕೆ ಬಂದರು. ನೆಟ್ ಕೊಟ್ಟವರನ್ನು ಕರೆಯದೆ ಇರಲಾಗುತ್ತದೆಯೇ? ಊಟಕ್ಕೆಂದು ನೆಲಕ್ಕೆ ಹಾಸಿದ ಸುಪ್ರದ ಸುತ್ತ ಕೂತು ಅನ್ನಕ್ಕೆ ಮೀನಿನ ಸಾರು ಬಡಿಸಿಕೊಳ್ಳುತ್ತ ಅವರು ಮೀಸೆಯಲ್ಲೇ ನಕ್ಕರು.

“ಹುಲಿಗಳೆಲ್ಲ ದಾರಿ ಬಿಡ್ತಿದ್ದವಂತೆ ನಿಮಗೆ. ಇವತ್ತು ಎಷ್ಟು ಕಾಗೆ ಬಿತ್ತು, ಝಿಯಾ ಭಾಯ್?”

ಅಬ್ಬಾ ಯಾವ ಪ್ರಶ್ನೆಗೂ ಹತ್ತು ಉತ್ತರ ಇಟ್ಟುಕೊಳ್ಳುವ ಮನುಷ್ಯ. ಈ ಸಲ ಅರಿಸಿನ ಹಚ್ಚಿದ ತಲೆ ತಗ್ಗಿಸಿ ಅನ್ನ ಕಲಸತೊಡಗಿದರು.

“ಬೀಳೋದೆಂತ, ಅಂಕಲ್,” ಅಂದಳು ಅಲೀನಾ. “ಮೂರು ಕಾಗೆ ಒಟ್ಟಿಗೆ ಬಂದವು. ಒಂದೊಂದೂ ಒಂಟೆಯಷ್ಟು. ಅಬ್ಬಾ ಬರಿಗೈಯಲ್ಲಿ ಹೋದರು. ಮೊದಲನೆಯದರ ಕಾಲು ಹಿಡಿದು ತಿರುಗಿಸಿ ಬಿಟ್ಟರು ನೋಡಿ, ಅದು ಈಗ ಒಮಾನಿನಲ್ಲಿ ಉಂಟು.”

“ನಾನೂ ನೋಡಿದೆ,” ಅಂದ ಅಮ್ಮಾರ್, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಅಂಕಲ್ ನಕ್ಕು ನಕ್ಕು ಕೆಮ್ಮಿದರು. ಅಬ್ಬಾ ನಗಲಿಲ್ಲ. ಮಗಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ತಟ್ಟೆಯಲ್ಲಿದ್ದ ಮೀನಿನ ಮುಳ್ಳನ್ನೆಲ್ಲ ಜೋಪಾನವಾಗಿ ಬಿಡಿಸಿ, ದೊಡ್ಡ ತುಂಡನ್ನು ಅವಳ ತಟ್ಟೆಗೆ ಸರಿಸಿದರು.