ಉಳಿಯಲೊಲ್ಲದ ದನಿ

"ಇವನೇ ಮಾಡಿದ್ದು. ಇನ್ಯಾರಿಗೆ ಬೇಕಾಗಿತ್ತು?" ಎಂದು ಸು-ಯುನ್ ಅಣ್ಣನತ್ತ ಬೆರಳು ಚಾಚಿದಾಗ ಲೈ ಮೇಷ್ಟ್ರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವರ ಗೆಳೆಯ ಫಾಂಗ್ ಮಾತ್ರ ಕಂಪ್ಯೂಟರನ್ನೇ ನೋಡುತ್ತಿದ್ದ. ತೈನಾನ್ ನಗರದ ಆ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಲೇ ಮುಪ್ಪಾದ ಫಾಂಗ್‌ನನ್ನು, ಕಳುವಾದ ಸೈಕಲ್ಲಿನಿಂದ ಹಿಡಿದು ಕಾಣೆಯಾದ ಉಯಿಲಿನವರೆಗೆ, ಜನ ಎಲ್ಲಕ್ಕೂ ಕರೆಯುತ್ತಿದ್ದರು. ಮೇಷ್ಟ್ರು ಎಲ್ಲಕ್ಕೂ ಜೊತೆಗಿರುತ್ತಿದ್ದರು.

ಸಂಗತಿ ಇಷ್ಟು. ಸು-ಯುನ್‌ಳ ತಂದೆ ಜುಂಗ್ ಐವತ್ತು ವರ್ಷ ಕೈಗೊಂಬೆ ಆಡಿಸಿದವನು. ರಾಜ, ರಾಕ್ಷಸ, ಅಜ್ಜಿ, ಎಲ್ಲರಿಗೂ ಅವನದೇ ದನಿ. ಗಂಟಲಿನ ಶಸ್ತ್ರಚಿಕಿತ್ಸೆ ಆ ದನಿಯನ್ನು ಕಿತ್ತುಕೊಂಡಿತ್ತು. ಅದಕ್ಕೆ ಮುಂಚಿನ ಕೊನೆಯ ಆಟವನ್ನು ಮಗಳು ಚಿತ್ರೀಕರಿಸಿ, ತಿಂಗಳುಗಟ್ಟಲೆ ಜೋಡಿಸಿದ್ದಳು. ಈ ಸಂಜೆ ಅವನ ಹಳೆಯ ಗೆಳೆಯರು ನೋಡಲು ಬರುವವರಿದ್ದರು. ಆದರೆ ಜೋಡಿಸಿದ್ದನ್ನೆಲ್ಲ ಒಂದೇ ಚಿತ್ರವಾಗಿಸಲು ಸೇವ್ ಒತ್ತಿದರೆ ಸಾಕು, ಕಂಪ್ಯೂಟರ್ ನಡುದಾರಿಯಲ್ಲಿ ಕಲ್ಲಾಗುತ್ತಿತ್ತು.

"ಮನೆತನದ ಆಟ ಕಂಡಕಂಡವರ ಫೋನಿಗೆ ಹೋಗೋದು ಬೇಡ ಅಂದೆ, ಹೌದು," ಎಂದ ಅಣ್ಣ ಛೆಂಗ್-ವಾನ್. "ಅಷ್ಟಕ್ಕೇ ಕಳ್ಳನಾ ನಾನು? ಇವತ್ತೇ ಮನೆ ಬಿಡ್ತೀನಿ."

"ಬಿಡು. ಗಂಟು ನಾನೇ ಕಟ್ಟಿಕೊಡ್ತೀನಿ."

ಮೂಲೆಯ ಕುರ್ಚಿಯಲ್ಲಿದ್ದ ಮಾತಿಲ್ಲದ ಅಪ್ಪ ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದ.

"ಜೋಡಿಸೋವಾಗ ನಿಲ್ಲುತ್ತಾ?" ಫಾಂಗ್ ಕೇಳಿದ.

"ಇಲ್ಲ. ದಿನವಿಡೀ ನಡೆಯುತ್ತೆ. ತಂತ್ರಾಂಶ ಬದಲಿಸಿದೆ, ಡಿಸ್ಕ್ ಬದಲಿಸಿದೆ. ಮೊನ್ನೆ ಮುಕ್ಕಾಲಿಗೆ ನಿಂತಿತು, ನಿನ್ನೆ ಅರ್ಧಕ್ಕೆ. ಇವತ್ತು ಕಾಲು ಭಾಗಕ್ಕೇ."

ಫಾಂಗ್ ಪೆಟ್ಟಿಗೆಗೆ ಅಂಗೈ ತಾಗಿಸಿ ಚಟ್ಟನೆ ಹಿಂತೆಗೆದ. ಮೇಷ್ಟ್ರು ಇಣುಕಿದರು. ವಿಶೇಷವೇನೂ ಕಾಣಲಿಲ್ಲ: ತಂತಿಗಳು, ಧೂಳು, ಯಂತ್ರ ಹಟಮಾಡದಿರಲೆಂದು ಆ ಊರಲ್ಲಿ ಎಲ್ಲರೂ ಹರಕೆಯಂತೆ ಮೇಲಿಡುವ ಹಸಿರು ತಿಂಡಿಪೊಟ್ಟಣ. ಅಂಥವು ಮೂರು, ಒಂದೊಂದರ ಮೇಲೂ ನಡುಗುವ ಕೈಬರಹದಲ್ಲಿ ತಾರೀಖು. ಮೇಷ್ಟ್ರ ಮನೆಯ ಫ್ರಿಜ್ಜಿನ ಮೇಲೂ ಒಂದಿತ್ತು.

"ಎಲ್ಲರೂ ಕೂತ್ಕೊಳ್ಳಿ," ಎಂದ ಫಾಂಗ್. "ದೋಷ ತಂತ್ರಾಂಶದಲ್ಲೋ ಡಿಸ್ಕಿನಲ್ಲೋ ಇದ್ದಿದ್ರೆ, ಬದಲಿಸಿದಾಗಲೇ ಹೋಗಬೇಕಿತ್ತು. ಛೆಂಗ್-ವಾನ್‌ಗೆ ಕೆಡಿಸೋ ಮನಸ್ಸಿದ್ದಿದ್ರೆ ಚಿತ್ರಾನೇ ಅಳಿಸ್ತಿದ್ದ. ಅದು ಹಾಗೇ ಇದೆ. ಯಂತ್ರಕ್ಕೆ ಜೋಡಿಸೋದು ನಡಿಗೆ, ಸೇವ್ ಮಾಡೋದು ಓಟ. ಇದು ಬಿಸಿ ಹೊರಹಾಕಿ ಉಸಿರಾಡೋ ಜಾಲರಿ ನೆತ್ತಿ ಮೇಲಿದೆ, ಪೊಟ್ಟಣ ಕೂತಿರೋದೂ ಅಲ್ಲೇ. ಓಡೋನ ಬಾಯಿಗೆ ಕೈ ಅಡ್ಡ ಇಟ್ರೆ ಎಷ್ಟು ದೂರ ಓಡ್ತಾನೆ? ತಾರೀಖು ನೋಡಿ. ಮೊನ್ನೆ ಒಂದು ಪೊಟ್ಟಣ, ನಿನ್ನೆ ಇನ್ನೊಂದು, ಇವತ್ತು ಮತ್ತೊಂದು."

"ಕಣ್ಣೆದುರೇ ಇದ್ವು!" ಎಂದಳು ಸು-ಯುನ್. "ಆದ್ರೆ ಅದನ್ನ ಯಾರು ನೋಡ್ತಾರೆ?"

"ಅದೇ. ಈ ಚಿತ್ರ ಉಳೀಬೇಕು ಅಂತ ನಿನಗಿಂತ ಹೆಚ್ಚು ಆಸೆಪಟ್ಟವರು ಇಟ್ಟಿದ್ದಾರೆ."

ಕುರ್ಚಿಯಲ್ಲಿ ಜುಂಗ್, ಶಾಲೆಯ ಮಗುವಿನಂತೆ, ನಿಧಾನವಾಗಿ ಕೈ ಎತ್ತಿದ.

ಫಾಂಗ್ ಅವನ ಬಳಿ ಬಾಗಿದ. "ನಿನ್ನ ಪ್ರಾರ್ಥನೆ ಸರಿಯಾಗೇ ಇದೆ, ಜುಂಗಣ್ಣ. ಸ್ವಲ್ಪ ಪಕ್ಕಕ್ಕೆ ಸರಿಸೋಣ, ಅಷ್ಟೆ."

ಯಂತ್ರ ತಣಿದ ಮೇಲೆ ಸು-ಯುನ್ ಸೇವ್ ಒತ್ತಿದಳು. ಈ ಬಾರಿ ಅದು ನಿಲ್ಲಲಿಲ್ಲ. ಮುಗಿದಾಗ ಅಣ್ಣನತ್ತ ತಿರುಗದೆಯೇ, "ಹೋಗೋದಿದ್ರೆ ನೋಡಿಕೊಂಡಾದ್ರೂ ಹೋಗು," ಎಂದಳು.

ಪರದೆಯ ಮೇಲೆ ಗೊಂಬೆಯಜ್ಜಿ, ಕಾದಾಡುವ ಮೊಮ್ಮಕ್ಕಳ ಮೇಲೆ ಹರಿಹಾಯ್ದಳು: "ಸಾಕು ಮಾಡ್ರೋ! ಅನ್ನ ಆರಿ ತಣ್ಣಗಾಯ್ತು!"

ನಡುವಯಸ್ಸಿನ ಅಣ್ಣತಂಗಿಯರಿಬ್ಬರೂ ಒಮ್ಮೆಗೇ ತಲೆ ತಗ್ಗಿಸಿದರು. ಅಪ್ಪನ ಭುಜಗಳು ಸದ್ದಿಲ್ಲದ ನಗೆಯಲ್ಲಿ ಕುಲುಕಿದವು. ಛೆಂಗ್-ವಾನ್ ಎದ್ದ, ಒಳಗಿನಿಂದ ಕುರ್ಚಿಗಳನ್ನು ಒಂದೊಂದಾಗಿ ತಂದು, ಬರುವವರಿಗಾಗಿ ಸಾಲಾಗಿ ಇಡತೊಡಗಿದ.